ಮಿಡಿಗೇಶಿಯಿಂದ ಬಂದ ಬೆಳಕು

ಮಧುಗಿರಿ ಬೆಟ್ಟದ ಬಡಗಣ ಮಗ್ಗುಲಿಗೂ ಮಿಡಿಗೇಶಿ ಬೆಟ್ಟದ ಬುಡಕ್ಕೂ ನಡುವೆ ಹನ್ನೆರಡು ಮೈಲಿ. ಬೆಳಕು ಸೆಕೆಂಡಿಗೆ ಒಂದು ಲಕ್ಷದ ಎಂಬತ್ತಾರು ಸಾವಿರ ಮೈಲಿ ಹೋಗುತ್ತದೆ. ಭಾಗಿಸಿದರೆ, ಅಲ್ಲಿ ಹೊಳೆದ ಕನ್ನಡಿ ಇಲ್ಲಿ ಕಾಣುವುದಕ್ಕೆ ಸೆಕೆಂಡಿನ ಹದಿನೈದು ಸಾವಿರದಲ್ಲಿ ಒಂದು ಭಾಗ ಸಾಕು. ಈ ಲೆಕ್ಕವನ್ನು ನಾನು ಕರಿಹಲಗೆಯ ಮೇಲೆ, ಹಳೆಯ ಲಕೋಟೆಗಳ ಹಿಂದೆ, ಊಟಕ್ಕೆ ಕೂತಾಗ ಒದ್ದೆ ಬೆರಳಿನಿಂದ ನೆಲದ ಮೇಲೆ, ಎಷ್ಟು ಸಲ ಮಾಡಿದ್ದೇನೋ ಗೊತ್ತಿಲ್ಲ. ಪ್ರತಿ ಸಲವೂ ಸರಿಯಾಗಿಯೇ ಬಂದಿದೆ. ಅದೇ ಹನ್ನೆರಡು ಮೈಲಿಗೆ ನಾನು ತೆಗೆದುಕೊಂಡದ್ದು ಮೂರು ದಿನ. ಯಾಕೆ ಮೂರು ದಿನವಾಯಿತೆಂದು ನನ್ನ ಹೆಂಡತಿಗೆ ಹೇಳಲು ಒಂಬತ್ತು ತಿಂಗಳು.

ನಾನು ನಾಗಲಿಂಗಯ್ಯ. ಮಧುಗಿರಿಯ ಸ್ಕೂಲಿನಲ್ಲಿ ಲೆಕ್ಕ ಮತ್ತು ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಮೈಸೂರಿನಲ್ಲಿ ಓದಿ ಬಿ.ಎ. ಮಾಡಿಕೊಂಡು ಬಂದವನು ಎಂಬ ಜಂಬ ನನಗೆ ಇತ್ತು. ಸಿಡುಕ ಎಂಬ ಹೆಸರೂ ಇತ್ತು. ಹುಡುಗರು ನನಗೆ ಏನೆಂದು ಅಡ್ಡಹೆಸರು ಇಟ್ಟಿದ್ದರೆಂದು ತಿಳಿದೂ ತಿಳಿಯದವನ ಹಾಗೆ ಇರುತ್ತಿದ್ದೆ. ನನ್ನ ಜಂಬಕ್ಕೂ ಸಿಡುಕಿಗೂ ಕವಡೆಯಷ್ಟೂ ಬೆಲೆ ಕೊಡದೆ ಇದ್ದವನು ಒಬ್ಬನೇ, ನನ್ನ ಹೆಂಡತಿಯ ತಮ್ಮ ವೃಷಭೇಂದ್ರಪ್ಪ.

ಅವನದು ಮಿಡಿಗೇಶಿಯಲ್ಲಿ ಬೆಲ್ಲ, ಕೊಬ್ಬರಿಯ ಅಂಗಡಿ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ನನ್ನ ಹೆಂಡತಿ ಸರ್ವಮಂಗಳೆಗೆ ಹನ್ನೊಂದು. ಅಲ್ಲಿಂದ ಅವನ ತಲೆಗೆ ಎಣ್ಣೆ ಹಚ್ಚಿದವಳೂ ತುತ್ತು ಕೊಟ್ಟವಳೂ ಇವಳೇ. ಮದುವೆಯಾಗಿ ನನ್ನ ಮನೆಗೆ ಬಂದ ಮೇಲೂ ಇವಳು ಮೊದಲ ತುತ್ತು ಎತ್ತುವಾಗ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದಳು. ಅವನು ಪ್ರತಿ ಸಂತೆಗೂ ಮಧುಗಿರಿಗೆ ಬರುತ್ತಿದ್ದ. ಸರಕು ಕೊಂಡು, ಅಕ್ಕನ ಕೈಯ ಮುದ್ದೆ ಉಂಡು, ಜಗಲಿಯ ಮೇಲೆ ಕಾಲು ಚಾಚಿ ನನ್ನನ್ನು ಕೆಣಕಲು ಶುರುಮಾಡುತ್ತಿದ್ದ.

ಓದಿದ್ದು ಮೂರನೇ ಕ್ಲಾಸಾದರೂ ಅವನ ತಲೆ ಚುರುಕು. ಒಂದು ಸಂತೆಯ ದಿನ, ಬೆಳಕಿಗೆ ಅಷ್ಟು ಅವಸರ ಯಾಕೆ ಭಾವ, ಅದರ ಹಿಂದೆ ಯಾರು ಬಿದ್ದವ್ರೆ, ಎಂದು ಕೇಳಿದ. ನಾನು ಉತ್ಸಾಹದಿಂದ ವಿವರಿಸಿದೆ. ಜಗತ್ತಿನಲ್ಲಿ ವೇಗಕ್ಕೆ ಒಂದು ಮೇರೆ ಇದೆ, ಅದು ಬೆಳಕಿನ ಸ್ವಂತ ಆಸ್ತಿಯಲ್ಲ, ಎಲ್ಲಕ್ಕೂ ಹಾಕಿರುವ ಕಟ್ಟಳೆ. ತೂಕವಿರುವ ವಸ್ತುವನ್ನು ಎಷ್ಟು ತಳ್ಳಿದರೂ ಆ ಮೇರೆಯ ಹತ್ತಿರ ಹೋದೀತೇ ಹೊರತು ಮುಟ್ಟಲಾರದು. ಬೆಳಕಿಗೆ ತೂಕವೇ ಇಲ್ಲ. ಆದ್ದರಿಂದ ಅದು ಹುಟ್ಟಿದ ಗಳಿಗೆಯಿಂದಲೇ ಆ ವೇಗದಲ್ಲಿ ಇರುತ್ತದೆ. ಅದು ಅವಸರದಲ್ಲಿ ಹೋಗುವುದಲ್ಲ, ನಿಧಾನವಾಗಿ ಹೋಗಲು ಅದಕ್ಕೆ ಬರುವುದೇ ಇಲ್ಲ.

ಅವನು ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, "ಅಂಗಾರೆ ಭಾರ ಇರೋರೇ ತಡ ಮಾಡೋದು ಅನ್ನು" ಎಂದ.

ಇನ್ನೊಂದು ದಿನ ನಾನು ಅದಕ್ಕಿಂತ ವಿಚಿತ್ರವಾದದ್ದನ್ನು ಹೇಳಿದೆ. ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ಜರ್ಮನ್ ಪಂಡಿತರೊಬ್ಬರ ಹೊಸ ಸಿದ್ಧಾಂತವನ್ನು ಎರಡು ದಿನ ಕೂರಿಸಿಕೊಂಡು ವಿವರಿಸಿದ್ದರು. ವೇಗ ಹೆಚ್ಚಿದಷ್ಟೂ ಗಡಿಯಾರ ನಿಧಾನವಾಗುತ್ತದೆ. ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಹೋದಂತೆ ಮುಳ್ಳು ನಿಂತೇ ಹೋಯಿತೇನೋ ಎನ್ನಿಸುವಷ್ಟು ನಿಧಾನ. ಬೆಳಕಿನ ಮೇಲೆಯೇ ಗಡಿಯಾರ ಇಡುವ ಹಾಗಿಲ್ಲ, ಅಂಥ ಪ್ರಶ್ನೆಯೇ ಸರಿಯಲ್ಲ ಎಂದು ಪ್ರೊಫೆಸರು ಎಚ್ಚರಿಸಿದ್ದರು. ಆದರೂ ಬೆಳಕಿನ ಒಂದು ಕಣಕ್ಕೆ ಹೊತ್ತು ಹೇಗೆ ಕಳೆಯುತ್ತದೆ ಎಂದು ಊಹಿಸುವುದಾದರೆ, ಅದಕ್ಕೆ ಹೊತ್ತೇ ಕಳೆಯುವುದಿಲ್ಲ. ಈ ಬೆಟ್ಟದ ಮೇಲಿನ ಕೋಟೆ ಕಟ್ಟುತ್ತಿದ್ದಾಗ ಯಾವುದೋ ನಕ್ಷತ್ರದಿಂದ ಹೊರಟ ಬೆಳಕು ಇವತ್ತು ನಮ್ಮ ಅಂಗಳಕ್ಕೆ ಬಿದ್ದರೆ, ಅದರ ಪಾಲಿಗೆ ಹೊರಟದ್ದೂ ಮುಟ್ಟಿದ್ದೂ ಒಂದೇ ಗಳಿಗೆ.

"ಕಾಯೋ ಕಷ್ಟ ಎಲ್ಲಾ ನಮಗೇ ಬುಟ್ಟೈತೆ ಅನ್ನು" ಎಂದು ವೃಷಭೇಂದ್ರಪ್ಪ ನಕ್ಕ. ಒಳಗಿನಿಂದ ಸರ್ವಮಂಗಳೆಯೂ ನಕ್ಕಳು. ನನಗೆ ಸ್ವಲ್ಪ ಸಿಟ್ಟೇ ಬಂತು, ನನ್ನ ಎರಡು ದಿನದ ಪಾಠವನ್ನು ಅವನು ಒಂದು ಮಾತಿನಲ್ಲಿ ಮುಗಿಸಿದನಲ್ಲ ಎಂದು.

ಬೆಳಕಿನ ವೇಗವನ್ನು ಅಳೆದೇಬಿಡೋಣ ಎಂದು ಹಟ ಹಿಡಿದವನೂ ಅವನೇ. ಆಗದ ಕೆಲಸ ಎಂದು ನನಗೆ ಗೊತ್ತಿದ್ದರೂ ಒಪ್ಪಿದೆ. ಒಂದು ಭಾನುವಾರ ಅವನು ಮಿಡಿಗೇಶಿ ಬೆಟ್ಟದ ಬುಡದ ಬಂಡೆಯ ಮೇಲೆ, ನಾನು ಮಧುಗಿರಿ ಬೆಟ್ಟದ ಬಂಡೆಯ ಮೇಲೆ, ಕೈಯಲ್ಲಿ ಮೊಳದುದ್ದದ ಕನ್ನಡಿ ಹಿಡಿದು ನಿಂತೆವು. ಗುರಿ ಹಿಡಿಯಲು ಮುಂದೆ ಎರಡು ಕಡ್ಡಿ ನೆಟ್ಟಿದ್ದೆವು. ನಾನು ಹೊಳೆಸಿದ ಕೂಡಲೇ ಅವನು ಹೊಳೆಸಬೇಕು, ನಾನು ಗಡಿಯಾರ ನೋಡಬೇಕು. ಒಂದು ಸಲ ಎರಡು ಸೆಕೆಂಡು ಬಂತು, ಒಂದು ಸಲ ಐದು, ಇನ್ನೊಂದು ಸಲ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಅವನು ಬೀಡಿ ಹಚ್ಚಿಕೊಳ್ಳುತ್ತಿದ್ದನಂತೆ. ನಾವು ಅಳೆದದ್ದು ಬೆಳಕನ್ನಲ್ಲ, ಅವನ ಕೈಯನ್ನು ಎಂದು ನಾನು ಮುಂದಿನ ಸಂತೆಯಲ್ಲಿ ಬೈದೆ. ಆದರೆ ಕನ್ನಡಿ ಅಷ್ಟು ದೂರಕ್ಕೆ ಚುಕ್ಕಿಯ ಹಾಗೆ ಚೆನ್ನಾಗಿ ಕಾಣುತ್ತದೆ ಎಂಬುದಂತೂ ಖಚಿತವಾಯಿತು.

ಸಾವಿರದ ಒಂಬೈನೂರ ಇಪ್ಪತ್ತೆಂಟರ ಚಳಿಗಾಲದಲ್ಲಿ ಮಿಡಿಗೇಶಿಯಲ್ಲಿ ಇಲಿ ಬಿತ್ತು. ಸತ್ತ ಇಲಿ ಕಂಡರೆ ಪ್ಲೇಗು ಬಂತೆಂದೇ ಲೆಕ್ಕ. ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿತು. ವೃಷಭೇಂದ್ರಪ್ಪನೂ ಅವನ ಹೆಂಡತಿ ಕಮಲಾಕ್ಷಮ್ಮನೂ ಬೆಟ್ಟದ ಬುಡದಲ್ಲಿ, ಆ ಬಂಡೆಯ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡರು. ಅವನು ಸಂತೆಗೆ ಬರುವುದು ನಿಂತಿತು. ಅಲ್ಲಿಗೆ ಹೋಗಿ ಬಂದ ಮೇಷ್ಟ್ರು ಹತ್ತು ದಿನ ಸ್ಕೂಲಿಗೆ ಕಾಲಿಡಬಾರದೆಂದು ನಮಗೆ ಅಪ್ಪಣೆಯಾಗಿತ್ತು. ಆ ಅಪ್ಪಣೆ ಬರುವುದಕ್ಕೆ ಮುಂಚಿನ ವಾರ ನಾನೂ ಸರ್ವಮಂಗಳೆಯೂ ಹೋಗಿ, ಗುಡಿಸಲ ಹೊರಗೆ ಕೂತು ಮಾತಾಡಿಕೊಂಡು ಬಂದಿದ್ದೆವು. ಆಗಲೇ ಕನ್ನಡಿಯ ಏರ್ಪಾಟು ಆದದ್ದು.

ದಿನಾ ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಅವರಲ್ಲಿ ಒಬ್ಬರು ಬಂಡೆ ಹತ್ತಿ ಕನ್ನಡಿ ಹಿಡಿಯಬೇಕು. ಒಂದು ಸಲ ಉದ್ದಕ್ಕೆ ಹೊಳೆಸಿದರೆ ಎಲ್ಲ ಕ್ಷೇಮ. ಟವೆಲಿನಿಂದ ಮುಚ್ಚಿ ತೆಗೆದು ಮೂರು ಸಲ ಹೊಳೆಸಿದರೆ, ಕಾಯಿಲೆ, ಹೊರಟು ಬನ್ನಿ. ಕಂಡಿತು ಎಂಬುದಕ್ಕೆ ನಾನು ಇಲ್ಲಿಂದ ಒಂದು ಸಲ ಹೊಳೆಸಬೇಕು. ಮೇಷ್ಟ್ರ ಬುದ್ಧಿ ನೋಡಿ, ಸಾವಿಗೂ ಒಂದು ಸಂಜ್ಞೆ ಇರಲಿ, ಐದು ಸಲ ಎಂದು ಇಟ್ಟುಕೊಳ್ಳೋಣ ಎಂದೆ. ಕಮಲಾಕ್ಷಮ್ಮ ಕಿವಿ ಮುಚ್ಚಿಕೊಂಡಳು. ಅಂಥದ್ದನ್ನು ಯಾರಾದರೂ ಕನ್ನಡಿ ಹಿಡಿದು ತೋರಿಸುತ್ತಾರೆಯೇ, ಅದಕ್ಕೂ ಆ ಮೂರೇ ಸಾಕು ಎಂದಳು. ವೃಷಭೇಂದ್ರಪ್ಪನೂ ತಲೆಯಾಡಿಸಿದ.

ಅವಳು ಹೇಳಿದ್ದು ನಮ್ಮ ಕಡೆಯ ರೂಢಿಯನ್ನೇ. ಸಾವಿನ ಸುದ್ದಿ ತಂದವನು ಬಾಗಿಲಲ್ಲಿ ನಿಂತು ಸತ್ತರು ಎನ್ನುವುದಿಲ್ಲ. ಸ್ವಲ್ಪ ಹುಷಾರಿಲ್ಲ, ಒಂದು ಗಳಿಗೆ ಬಂದು ಹೋಗಬೇಕಂತೆ ಎನ್ನುತ್ತಾನೆ. ಕೇಳಿದವರಿಗೆ ಅರ್ಥವಾಗಿರುತ್ತದೆ. ಆದರೂ ಅರ್ಥವಾಗದವರಂತೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಡುತ್ತಾರೆ. ದಾರಿಯಲ್ಲೇ ಎದೆಯೊಡೆಯದೆ ಊರು ಸೇರಿಕೊಳ್ಳಲಿ ಎಂಬ ಕರುಣೆ ಅದು. ನಾನು ಹುಡುಗನಾಗಿದ್ದಾಗ ಪ್ಲೇಗಿನಲ್ಲೇ ಹೋದ ನನ್ನ ತಾಯಿಯ ಸುದ್ದಿಯೂ ಹಾಗೆಯೇ ನನಗೆ ಬಂದಿತ್ತು. ನನ್ನನ್ನು ನೆಂಟರ ಮನೆಗೆ ಸಾಗಿಸುವ ಮುಂಚೆ ಅವರ ಕಂಕುಳಿನ ಗಂಟನ್ನು ನಾನು ಕಂಡಿದ್ದೆ. ಪ್ಲೇಗು ಎಂದರೆ ನನಗೆ ಇಂದಿಗೂ ಕೈ ತಣ್ಣಗಾಗುತ್ತದೆ, ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳುವುದು ನ್ಯಾಯವಲ್ಲ.

ಹದಿನೇಳು ದಿನ ಒಂದೊಂದೇ ಸಲ ಹೊಳೆಯಿತು. ನಾನು ಬೆಟ್ಟ ಇಳಿದು ಬಂದು, ಹೂಂ ಎನ್ನುತ್ತಿದ್ದೆ. ಸರ್ವಮಂಗಳೆ ಒಲೆ ಉರಿ ಹೆಚ್ಚಿಸುತ್ತಿದ್ದಳು.

ಹದಿನೆಂಟನೆಯ ದಿನ ಸೋಮವಾರ. ಮೂರು ಸಲ ಹೊಳೆಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ನನ್ನ ಕೈ ತಾನಾಗಿಯೇ ಕನ್ನಡಿ ಎತ್ತಿ ಒಂದು ಸಲ ಉತ್ತರ ಕೊಟ್ಟಿತು. ಅಲ್ಲಿನ ಚುಕ್ಕಿ ಆರಿತು.

ಬಂಡೆಯ ಮೇಲೆ ಕೂತುಬಿಟ್ಟೆ. ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಓಡಿದ ಹಾಗೆಯೇ ಹೇಳುತ್ತೇನೆ. ವೃಷಭೇಂದ್ರಪ್ಪ ಹೋಗಿಬಿಟ್ಟ ಎಂದುಕೊಂಡೆ. ಕಾಯಿಲೆ ಎಂದರೆ ಸಾವು, ಅವರೇ ಹಾಗೆಂದು ಗೊತ್ತುಮಾಡಿದ್ದಲ್ಲವೇ. ಅತ್ತೆ. ನಿಜವಾಗಿಯೂ ಅತ್ತೆ. ಆಮೇಲೆ ಕಣ್ಣು ಒರೆಸಿಕೊಂಡು ಎರಡನೆಯ ಯೋಚನೆ ಮಾಡಿದೆ. ಪ್ಲೇಗಿನಲ್ಲಿ ಸತ್ತವರನ್ನು ನೆಂಟರಿಗಾಗಿ ಕಾಯಿಸುವುದಿಲ್ಲ. ಗಳಿಗೆಯೊಳಗೆ ಮಣ್ಣು ಮಾಡುತ್ತಾರೆ. ಈಗ ಓಡಿದರೂ ಮುಖ ಸಿಗುವುದಿಲ್ಲ. ಬುಧವಾರ ಇನ್ಸ್‌ಪೆಕ್ಟರು ಸ್ಕೂಲಿಗೆ ಬರುತ್ತಾರೆ, ಮಾದರಿ ಪಾಠ ನನ್ನದೇ. ಅದು ಮುಗಿಸಿ, ರಜೆ ಬರೆದುಕೊಟ್ಟು, ಪ್ಲೇಗಿನ ಸೂಜಿ ಹಾಕಿಸಿಕೊಂಡು, ಗುರುವಾರ ಹೋದರೆ ಯಾರಿಗೂ ನಷ್ಟವಿಲ್ಲ. ಇಷ್ಟು ಅಚ್ಚುಕಟ್ಟಾಗಿ ಯೋಚಿಸುತ್ತಿದ್ದ ತಲೆಯ ಅಡಿಯಲ್ಲಿ ಒಬ್ಬ ಹುಡುಗ ತಾಯಿಯ ಕಂಕುಳು ನೋಡಿ ನಡುಗುತ್ತ ನಿಂತಿದ್ದ. ಅವನಿಗೆ ಮಿಡಿಗೇಶಿಗೆ ಹೋಗುವುದು ಬೇಕಿರಲಿಲ್ಲ. ವೃಷಭೇಂದ್ರಪ್ಪ ಸತ್ತಿದ್ದರೆ ಆ ಹುಡುಗನಿಗೆ ಅನುಕೂಲವಾಗುತ್ತಿತ್ತು. ಈ ವಾಕ್ಯವನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಮನೆಗೆ ಬಂದು ಸರ್ವಮಂಗಳೆಗೆ, ಅವನಿಗೆ ಸ್ವಲ್ಪ ಹುಷಾರಿಲ್ಲವಂತೆ, ಗಾಬರಿ ಏನಿಲ್ಲ, ಇನ್ಸ್‌ಪೆಕ್ಟರು ಬಂದು ಹೋಗಲಿ, ಗುರುವಾರ ಇಬ್ಬರೂ ಹೋಗಿ ಬರೋಣ ಎಂದೆ. ಅವಳು ನನ್ನ ಮುಖ ನೋಡಿದಳು. ಆಗಲಿ ಎಂದು ಒಳಗೆ ಹೋದಳು. ಎಷ್ಟು ಜ್ವರ, ಯಾವಾಗಿನಿಂದ, ಎಷ್ಟು ಸಲ ಹೊಳೆಯಿತು, ಒಂದನ್ನೂ ಕೇಳಲಿಲ್ಲ. ಸದ್ಯ ನಂಬಿದಳು ಎಂದು ಸಮಾಧಾನಪಟ್ಟೆ. ಅವತ್ತು ಅವಳು ಊಟ ಮಾಡಲಿಲ್ಲ, ಸೋಮವಾರದ ಉಪವಾಸ ಎಂದಳು.

ಮಂಗಳವಾರ ನಾನು ಬೆಟ್ಟ ಹತ್ತಲೇ ಇಲ್ಲ. ಸತ್ತವರ ಮನೆಯಿಂದ ಇನ್ನೇನು ಸುದ್ದಿ ಬರಬೇಕು ಎಂದು ಹೇಳಿಕೊಂಡೆ. ಹತ್ತಿದರೆ ಏನು ಕಂಡೀತೋ ಎಂಬ ಭಯವಿತ್ತು ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಮತ್ತೆ ಹೊಳೆದರೆ ಅವನು ಬದುಕಿದ್ದಾನೆಂದು ಅರ್ಥ, ಬದುಕಿದ್ದರೆ ನಾನು ಹೋಗಬೇಕು.

ಬುಧವಾರ ಇನ್ಸ್‌ಪೆಕ್ಟರು ಬಂದು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಬೆಳಕಿನದು. ತಿಂಗಳ ಮೊದಲೇ ನಾನೇ ಆರಿಸಿಕೊಂಡಿದ್ದ ಪಾಠ. ಸೂರ್ಯನಿಂದ ಇಲ್ಲಿಗೆ ಎಂಟು ನಿಮಿಷ, ಚಂದ್ರನಿಂದ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಎಂದು ಹೇಳುತ್ತ ಹೋದೆ. ಇನ್ಸ್‌ಪೆಕ್ಟರು ಕೈಯೆತ್ತಿ, ಮಕ್ಕಳಿಗೆ ಸೂರ್ಯಚಂದ್ರ ದೂರವಾಯಿತು, ಇಲ್ಲೇ ಕಾಣುವ ಉದಾಹರಣೆ ಕೊಡಿ ಎಂದರು. ಕಿಟಕಿಯಾಚೆ ನೋಡಿ, ಆ ಮಿಡಿಗೇಶಿ ಬೆಟ್ಟವನ್ನೇ ತೆಗೆದುಕೊಳ್ಳಿ ಎಂದು ಅವರೇ ಸೇರಿಸಿದರು. ನಾನು ಕರಿಹಲಗೆಯ ಕಡೆ ತಿರುಗಿ ಹನ್ನೆರಡನ್ನು ಒಂದು ಲಕ್ಷದ ಎಂಬತ್ತಾರು ಸಾವಿರದಿಂದ ಭಾಗಿಸಿದೆ. ಬೆಳಕಿಗೆ ಸೋಮಾರಿತನವಿಲ್ಲ, ಭಯವಿಲ್ಲ, ಅದಕ್ಕೆ ತೂಕವಿಲ್ಲದ್ದರಿಂದ ತಡಮಾಡುವುದು ಗೊತ್ತಿಲ್ಲ ಎಂದು ನನ್ನ ಬಾಯಿ ಹೇಳುತ್ತಿತ್ತು. ಪಾಠ ಉತ್ತಮವಾಗಿತ್ತು ಎಂದು ಅವರು ಪುಸ್ತಕದಲ್ಲಿ ಬರೆದು ಹೋದರು.

ಗುರುವಾರ ಬೆಳಗ್ಗೆ ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೊರಟವನಿಗೆ ಗಾಡಿ ಹೊಡೆಯುವ ಚಿಕ್ಕರಂಗಯ್ಯ ಎದುರಾದ. ಮಿಡಿಗೇಶಿಯ ಆಚೆ ಹುಲ್ಲು ಇಳಿಸಿ ರಾತ್ರಿಯೇ ವಾಪಸು ಬಂದವನು. ತಾನಾಗಿ ನಿಂತು ಹೇಳಿದ.

"ನಿಮ್ಮ ಬಾಮೈದನ್ನ ನೆನ್ನೆ ಮಧ್ಯಾಹ್ನ ದೂರದಿಂದ ನೋಡ್ದೆ ಸ್ವಾಮಿ. ಗುಡಿಸ್ಲು ಬಾಗ್ಲಲ್ಲಿ ಮಲಗವ್ರೆ. ನಮ್ಮ ಭಾವ ದಾರೀಲಿ ಸಿಕ್ಕಿದ್ರಾ ಅಂತ ಕೂಗಿ ಕೇಳಿದ್ರು."

ನೆನ್ನೆ ಮಧ್ಯಾಹ್ನ ಎಂದರೆ ನಾನು ಭಾಗಾಕಾರ ಮಾಡುತ್ತಿದ್ದ ಹೊತ್ತು. ಚಿಕ್ಕರಂಗಯ್ಯನನ್ನು ಗಾಡಿ ಕಟ್ಟು ಎಂದು ಬೇಡಿಕೊಂಡು, ಮನೆಗೆ ಓಡಿ, ನಡಿ ಹೋಗೋಣ ಎಂದೆ. ಸರ್ವಮಂಗಳೆಯ ಬಟ್ಟೆಗಂಟು ಬಾಗಿಲ ಹಿಂದೆ ಕಟ್ಟಿಯೇ ಇತ್ತು. ಅವನು ಬದುಕಿದ್ದಾನೆಂದು ನಾನು ಹೇಳಲಿಲ್ಲ. ಹೇಗೆ ಹೇಳಲಿ? ಬದುಕಿದ್ದಾನೆ ಎಂದರೆ, ಸತ್ತಿದ್ದನೆಂದು ನೀವು ಯಾವಾಗ ಅಂದುಕೊಂಡಿರಿ ಎಂಬ ಪ್ರಶ್ನೆ ಬರುತ್ತಿತ್ತು. ಐದು ಗಂಟೆಯ ದಾರಿ. ಎತ್ತುಗಳ ಬಾಲ ತಿರುವಿ ತಿರುವಿ ಚಿಕ್ಕರಂಗಯ್ಯನ ಕೈ ಸೋತಿತು.

ನಾವು ಹೋದಾಗ ಬಂಡೆಯ ಪಕ್ಕದ ಹೊಲದಲ್ಲಿ ಹಸಿ ಮಣ್ಣಿನ ದಿಬ್ಬವಿತ್ತು. ಮೇಲೆ ವಿಭೂತಿ, ಒಂದಿಷ್ಟು ಬಿಲ್ವಪತ್ರೆ. ಕಮಲಾಕ್ಷಮ್ಮ ಗುಡಿಸಲ ಕಂಬಕ್ಕೆ ಒರಗಿ ಕೂತಿದ್ದಳು. ಸರ್ವಮಂಗಳೆ ದಿಬ್ಬದ ಮೇಲೆ ಬಿದ್ದು ಅಳುತ್ತ, ಯಾವಾಗ ಹೋದ ಎಂದು ಕೇಳಿದಳು. ನೆನ್ನೆ ಸಂಜೆ, ಬೆಳಗ್ಗೆ ಮಣ್ಣು ಮಾಡಿದ್ವಿ ಎಂದಳು ಕಮಲಾಕ್ಷಮ್ಮ. ಸರ್ವಮಂಗಳೆಯ ಅಳು ಒಮ್ಮೆಗೇ ನಿಂತಿತು. ನೆನ್ನೆ ಸಂಜೆಯಾ, ನೆನ್ನೆ ಸಂಜೆಯಾ ಎಂದು ಎರಡು ಮೂರು ಸಲ ಕೇಳಿದಳು. ಒಂದು ರಾತ್ರಿಯಲ್ಲಿ ತಪ್ಪಿಹೋಯಿತು ಎಂಬ ಸಂಕಟ ಎಂದು ನಾನು ತಿಳಿದೆ.

ಸರ್ವಮಂಗಳೆ ದಿಬ್ಬ ಬಿಟ್ಟು ಏಳಲಿಲ್ಲ. ಕಮಲಾಕ್ಷಮ್ಮ ನನ್ನನ್ನು ಬಂಡೆಯ ಮರೆಗೆ ಕರೆದಳು. ಅವಳ ಅಂಗಾಲುಗಳು ಬಂಡೆ ಹತ್ತಿ ಹತ್ತಿ ಒಡೆದಿದ್ದವು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಸೋಮವಾರ ನಿಮ್ಮ ಉತ್ತರ ಬಂದದ್ದೇ ಇಳಿದು ಓಡಿಹೋಗಿ ಅವರಿಗೆ ಹೇಳಿದೆ, ಜ್ವರದಲ್ಲೂ ನಕ್ಕರು ಎಂದಳು. ಮಂಗಳವಾರ, ಬುಧವಾರ ಬಿಸಿಲು ನೆತ್ತಿಗೆ ಬರುವ ತನಕ ಹೊಳೆಸಿದಳಂತೆ. ಮಧುಗಿರಿಯಿಂದ ಉತ್ತರವಿರಲಿಲ್ಲ. ಮನೆಯಲ್ಲಿಲ್ಲ ಅಂದರೆ ಹೊರಟಿದ್ದಾರೆ ಅಂತ ಅರ್ಥ ಎಂದು ಅವನೇ ಅವಳಿಗೆ ಧೈರ್ಯ ಹೇಳಿದನಂತೆ.

"ಬೆಳಕು ಆಗ್ಲೇ ಮುಟ್ಟೈತೆ ಕಣೇ, ಭಾವ ಎತ್ತಿನ ಗಾಡೀಲಿ ಬರ್ಬೇಕಲ್ಲ, ಭಾರ ಜಾಸ್ತಿ ಅಂತ ಅಂದ್ರು ಅವ್ರು. ಅದೇ ಕಡೇ ಮಾತು."

ಅವಳ ಮುಂದೆ ನಾನು ಎಲ್ಲವನ್ನೂ ಹೇಳಿದೆ. ಸತ್ತನೆಂದು ತಿಳಿದದ್ದು, ಮಂಗಳವಾರ ಬೆಟ್ಟ ಹತ್ತದೆ ಇದ್ದದ್ದು, ಭಯ, ಎಲ್ಲ. ಆ ಮೂರೇ ಸಾಕು ಅಂತ ಅಂದವಳು ನಾನೇ ಎಂದಳು. ಆಮೇಲೆ, ಅಕ್ಕನಿಗೆ ನಾನೇನೂ ಹೇಳುವುದಿಲ್ಲ, ಅದು ನೀವು ಹೇಳಬೇಕಾದ್ದು ಎಂದಳು.

ಹೇಳಬೇಕೆಂದು ಗಾಡಿಯಲ್ಲಿ ಅಂದುಕೊಂಡೆ. ಹನ್ನೊಂದನೆಯ ದಿನ ಕಳೆಯಲಿ ಎಂದುಕೊಂಡೆ. ಯುಗಾದಿ ಕಳೆಯಲಿ, ಪರೀಕ್ಷೆ ಮುಗಿಯಲಿ, ಅವಳು ಸ್ವಲ್ಪ ಚೇತರಿಸಿಕೊಳ್ಳಲಿ. ಅವಳು ಚೇತರಿಸಿಕೊಳ್ಳಲಿಲ್ಲ. ಮೊದಲೇ ತೆಳ್ಳಗಿದ್ದವಳು ಇನ್ನಷ್ಟು ಇಳಿದುಹೋದಳು. ಉಣ್ಣಲು ಕೂತರೆ ಬಾಗಿಲ ಕಡೆ ನೋಡುವುದಿರಲಿ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ನನ್ನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಗೊತ್ತಾಗಿರಬೇಕು, ನನ್ನನ್ನು ಕಂಡರೆ ಅಸಹ್ಯವಿರಬೇಕು ಎಂದು ಹೆದರಿ ನಾನು ಇನ್ನಷ್ಟು ಬಾಯಿ ಬಿಗಿದೆ. ಆಸ್ಪತ್ರೆಯ ಡಾಕ್ಟರನ್ನು ಒಮ್ಮೆ ಬೇರೆ ಯಾರದೋ ವಿಷಯವೆಂಬಂತೆ ಕೇಳಿದ್ದೆ. ಪ್ಲೇಗಿಗೆ ಔಷಧಿ ಎಂಬುದಿಲ್ಲ, ಆದರೂ ನಾಲ್ವರಲ್ಲಿ ಒಬ್ಬರು ಹೇಗೋ ಉಳಿದುಕೊಳ್ಳುತ್ತಾರೆ, ನೋಡಿಕೊಳ್ಳುವವರಿದ್ದರೆ ಎಂದರು. ಆ ನಾಲ್ವರಲ್ಲಿ ಒಬ್ಬನನ್ನು ಹಿಡಿದುಕೊಂಡು ಎಷ್ಟು ರಾತ್ರಿ ಕಳೆದೆನೋ.

ಬೆಳಕಿನ ಪಾಠ ಮತ್ತೆ ಬಂತು. ಹೊರಟದ್ದೂ ಮುಟ್ಟಿದ್ದೂ ಅದಕ್ಕೆ ಒಂದೇ ಗಳಿಗೆ ಎಂದು ಹೇಳುವಾಗ ನಾಲಿಗೆ ತಡವರಿಸಿತು. ಆ ಸೋಮವಾರದ ಮೂರು ಹೊಳಪುಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎಳ್ಳಷ್ಟು. ಮಿಕ್ಕದ್ದು ನನ್ನನ್ನು ದಾಟಿ ಆಕಾಶದಲ್ಲಿ ಹೋಗುತ್ತಲೇ ಇರಬೇಕು. ಅದರ ಪಾಲಿಗೆ ಇನ್ನೂ ಸೋಮವಾರವೇ. ವೃಷಭೇಂದ್ರಪ್ಪ ಗುಡಿಸಲಲ್ಲಿ ಬದುಕಿದ್ದಾನೆ, ನಾನಿನ್ನೂ ತಡಮಾಡಿಲ್ಲ. ಅದನ್ನು ಯೋಚಿಸಿ ನನಗೆ ಒಂದು ಕ್ಷಣ ಹಿತವಾಯಿತು. ಮರುಕ್ಷಣವೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಅವನು ಕಾದದ್ದು ಬೆಳಕಿನ ಹೊತ್ತಿನಲ್ಲಲ್ಲ, ಗುಡಿಸಲಿನ ಹೊತ್ತಿನಲ್ಲಿ. ಅಲ್ಲಿ ಮೂರು ದಿನ ಎಂದರೆ ಮೂರು ದಿನವೇ.

ಅವತ್ತು ಸಂಜೆ ಸ್ಕೂಲು ಬಿಟ್ಟವನು ನೆಟ್ಟಗೆ ಮನೆಗೆ ಬಂದೆ. ಭಾದ್ರಪದದ ಇಳಿಬಿಸಿಲಿನಲ್ಲಿ ಸರ್ವಮಂಗಳೆ ಹಿತ್ತಲಲ್ಲಿ ಅವರೆಕಾಳು ಆರಿಸುತ್ತ ಕೂತಿದ್ದಳು. ಎದುರಿಗೆ ಕೂತು, ಅಂದು ಮೂರು ಸಲ ಹೊಳೆದಿತ್ತು ಎಂದು ಶುರುಮಾಡಿದೆ. 'ಹೊರಟು ಬನ್ನಿ' ಎಂದು ಹೊಳೆದಿತ್ತು. ನಾನು ಸತ್ತನೆಂದು ತಿಳಿದೆ. ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು, ಹೆದರಿದ್ದೆ. ಮಂಗಳವಾರ ಬೇಕೆಂದೇ ಬೆಟ್ಟ ಹತ್ತಲಿಲ್ಲ. ನಿನ್ನ ತಮ್ಮ ಮೂರು ದಿನ ದಾರಿ ನೋಡಿದ. ಅವನಿಗೆ ಸ್ವಲ್ಪ ಹುಷಾರಿಲ್ಲವೆಂದಷ್ಟೇ ಹೇಳಿ ನಿನ್ನನ್ನು ಇಲ್ಲೇ ಕಟ್ಟಿಹಾಕಿದೆ. ಒಂದೂ ಬಿಡದೆ ಹೇಳಿದೆ.

ಅವಳ ಕೈಯಲ್ಲಿದ್ದ ಮೊರ ಅಲುಗಲಿಲ್ಲ. ಕಾಳಿನ ಮೇಲಿಂದ ಕಣ್ಣೆತ್ತದೆ ಹೇಳಿದಳು.

"ಸ್ವಲ್ಪ ಹುಷಾರಿಲ್ಲ ಅಂತ ನಮ್ಮ ಕಡೆ ಯಾವಾಗ ಹೇಳ್ತಾರೆ ಅಂತ ನಂಗೆ ಗೊತ್ತಿಲ್ವಾ? ನೀವು ಅಂಗೆ ಅಂದ ತಕ್ಷಣ ನಾನೂ ಹೋಗ್ಬುಟ್ಟ ಅಂತಲೇ ತಿಳ್ಕಂಡೆ. ಕೇಳಿದ್ರೆ ನೀವು ಹೌದು ಅಂದ್ಬುಡ್ತೀರಿ ಅಂತ ಕೇಳಲಿಲ್ಲ. ಮೂರು ದಿನ ಒಲೆ ಮುಂದೆ ಕೂತು ಅವನ್ನ ನೆನೆಸ್ಕಂಡು ಅತ್ತೆ. ಅವನು ಅಲ್ಲಿ ಬದುಕಿದ್ದ."

ನಾನು ಏನೋ ಹೇಳಹೋದೆ. ಅವಳು ಕೈಯೆತ್ತಿ ತಡೆದಳು. ನೀವು ನಿಜವಾಗಿಯೂ ಸಣ್ಣ ಜ್ವರ ಎಂದೇ ತಿಳಿದು ಹೇಳಿದ್ದಿರಿ, ರೂಢಿ ಹಿಡಿದುಕೊಂಡು ಸಾವು ಎಂದುಕೊಂಡವಳು ನಾನೊಬ್ಬಳೇ, ಎಂದು ಮಣ್ಣಿನ ದಿಬ್ಬದ ಮುಂದೆ, ನೆನ್ನೆ ಸಂಜೆ ಎಂಬ ಮಾತು ಕೇಳಿದ ಕೂಡಲೇ ಅವಳಿಗೆ ಹೊಳೆದಿತ್ತಂತೆ. ಒಂದು ಮಾತು ಕೇಳಿದ್ದರೆ ಅಂದೇ ಗಾಡಿ ಕಟ್ಟಿಸುತ್ತಿದ್ದೆ, ಕೇಳದೆ ತಮ್ಮನನ್ನು ಕೊಂದೆ ಎಂದು ಅಂದಿನಿಂದ ಇಂದಿನವರೆಗೂ ಕೊರಗುತ್ತಿದ್ದಳಂತೆ. ಯಾಕೆ ಕೇಳಲಿಲ್ಲ ಎಂದು ನಾನು ಎಲ್ಲಿ ಕೇಳಿಬಿಡುತ್ತೇನೋ ಎಂಬ ಭಯಕ್ಕೆ ನನ್ನ ಮುಖ ನೋಡುತ್ತಿರಲಿಲ್ಲವಂತೆ.

ಒಂಬತ್ತು ತಿಂಗಳು ನನ್ನ ತಪ್ಪನ್ನು ನಾನೇ ಹೊತ್ತುಕೊಂಡು ತಿರುಗಿದೆ ಎಂದುಕೊಂಡಿದ್ದೆ. ಅದು ಇವಳ ತಲೆಯ ಮೇಲಿತ್ತು. ಇಳಿಸುವ ಮಾತು ನನ್ನ ಬಾಯಲ್ಲಿತ್ತು, ದಿನಾ ಊಟಕ್ಕೆ ಎದುರಿಗೇ ಕೂರುತ್ತಿದ್ದೆ.

ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಮೊರವನ್ನು ಪಕ್ಕಕ್ಕಿಟ್ಟು, ಆ ದಿನದಿಂದ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು.

"ಒಂದು ದಿನ ಮುಂಚೆ ಹೇಳಿದ್ರೆ" ಎಂದಳು, "ನಂಗೆ ಒಂದು ದಿನ ಕಮ್ಮಿ ಆಗ್ತಿತ್ತು."